ಆ ಹಡಗಿಗೆ ಅಷ್ಟೊಂದು ಚಿನ್ನ ಯಾಕೆ?

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣಿಯ ಹವ್ಯಾಸದ ಪುಟದಲ್ಲಿ ಒಂದು ಹಡಗಿನ ಮಾದರಿಯ ಫೋಟೋ ಹಾಕಿದ್ದೀರಿ. ಕೆಳಗೆ 'ನಾಲ್ಕು ಶತಮಾನದ ಹಿಂದಿನ ಡಚ್ ಹಡಗು ಬಟಾವಿಯಾ, ಥೇಟ್ ಅಸಲಿನಂತೆ' ಅಂತ ಬರೆದಿದ್ದೀರಿ. ಮಾಡಿದವರ ಕೈಕೆಲಸ ಚೆನ್ನಾಗಿದೆ. ಹಲಗೆ ಬಾಗಿಸಿ ಕೂರಿಸಿರುವ ರೀತಿ ನೋಡಿದರೇ ಅವರ ತಾಳ್ಮೆ ಗೊತ್ತಾಗುತ್ತದೆ. ಆದರೆ 'ಥೇಟ್ ಅಸಲಿನಂತೆ' ಅನ್ನುವ ಮಾತಿಗೆ ನನ್ನ ತಕರಾರಿದೆ. ತಳಕ್ಕೆ ತಾಮ್ರದ ತಗಡು, ಹಿಂಭಾಗದ ಕೆತ್ತನೆಗೆಲ್ಲ ಚಿನ್ನದ ಬಣ್ಣ, ಮಿಕ್ಕಿದ್ದಕ್ಕೆ ಫಳಫಳ ಹೊಳೆಯುವ ವಾರ್ನಿಶ್. 1628ರ ಬಟಾವಿಯಾ ತಾಮ್ರದ ತಗಡನ್ನು ಕಂಡೇ ಇರಲಿಲ್ಲ. ಚಿನ್ನವನ್ನು ಕಂಡಿದ್ದರೂ ಅಲ್ಲಿ ಇಲ್ಲಿ ಚೂರುಪಾರು, ಅಷ್ಟೇ.

ನಾನಿರುವುದು ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೀನ್‌ನಲ್ಲಿ. ವಾರವಿಡೀ ಕಂಪ್ಯೂಟರ್ ಮುಂದೆ ಕೆಲಸ, ಶನಿವಾರ ಭಾನುವಾರ ಹಡಗಿನ ಹುಚ್ಚು. ನಿಮ್ಮ ಪತ್ರಿಕೆಯನ್ನು ಮೊಬೈಲಿನಲ್ಲೇ ಓದುತ್ತೇನೆ. ಸುಮ್ನೆ ಕೊಂಕು ತೆಗೆಯಲು ಬರೆಯುತ್ತಿಲ್ಲ. ಇದರಲ್ಲಿ ಮಾಡಿದವರ ತಪ್ಪೂ ಜಾಸ್ತಿ ಇಲ್ಲ. ಬಿಡಿಭಾಗ ಜೋಡಿಸಿ ಮಾದರಿ ಕಟ್ಟುವ ಕಿಟ್‌ನ ಪೆಟ್ಟಿಗೆಯ ಮೇಲಿನ ಚಿತ್ರದಲ್ಲೇ ಹಾಗಿರುತ್ತದೆ, ಒಳಗೆ ಎರಕ ಹೊಯ್ದ ಹೊಳೆಯುವ ಬೊಂಬೆಗಳು ಬರುತ್ತವೆ, ಜನ ಅವನ್ನೇ ಅಂಟಿಸುತ್ತಾರೆ. ಆ ಫೋಟೋ ಪತ್ರಿಕೆಯಲ್ಲಿ ಬಂದರೆ ನಾಳೆ ಇನ್ನೊಬ್ಬರು ಅದನ್ನೇ ನೋಡಿ ಬಣ್ಣ ಬಳಿಯುತ್ತಾರೆ. ನನ್ನ ತಲೆಬಿಸಿ ಅದು.

ಮೊದಲು ತಾಮ್ರದ ವಿಷಯ. ಬ್ರಿಟಿಷ್ ನೌಕಾಪಡೆಯವರು 'ಅಲಾರಂ' ಅನ್ನುವ ಹಡಗಿನ ತಳಕ್ಕೆ ತಾಮ್ರ ಹೊದಿಸಿ ಪರೀಕ್ಷೆ ಮಾಡಿದ್ದು 1761ರಲ್ಲಿ. ಇಡೀ ಪಡೆಗೆ ಹೊದಿಸಲು ಹೊರಟಿದ್ದು 1779ರ ಸುಮಾರಿಗೆ. ಬಟಾವಿಯಾ ಒಡೆದುಹೋಗಿದ್ದು 1629ರ ಜೂನ್ 4ರಂದು. ನಡುವೆ ನೂರಮೂವತ್ತು ವರ್ಷಕ್ಕಿಂತ ಜಾಸ್ತಿ ಅಂತರ ಇದೆಯಲ್ವಾ?

ಹಾಗಂತ ಡಚ್ಚರಿಗೆ ಹಡಗು ಕೊರೆಯುವ ಹುಳದ ಕಾಟ ಇರಲಿಲ್ಲ ಅಂತಲ್ಲ. ಏಷ್ಯಾದ ಬೆಚ್ಚಗಿನ ನೀರಿನಲ್ಲಿ ಆ ಹುಳ ಓಕ್ ಮರವನ್ನೂ ಜರಡಿ ಮಾಡಿಬಿಡುತ್ತದೆ. ನಿಜಕ್ಕೂ ಅದು ಹುಳ ಅಲ್ಲ, ಕಪ್ಪೆಚಿಪ್ಪಿನ ಬಳಗದ್ದು, ಇರಲಿ. ಅವರು ಮಾಡುತ್ತಿದ್ದ ಉಪಾಯ ಬೇರೆ. ಓಕ್ ಹಲಗೆಯ ಮೇಲೆ ಟಾರು ಮತ್ತು ದನದ ಕೂದಲಿನ ಪದರ, ಅದರ ಮೇಲೆ ಪೈನ್ ಮರದ ತೆಳು ಹಲಗೆ, ಆ ಹಲಗೆಗೆ ದಪ್ಪ ತಲೆಯ ಕಬ್ಬಿಣದ ಮೊಳೆಗಳನ್ನು ಒತ್ತೊತ್ತಾಗಿ ಹೊಡೆಯುತ್ತಿದ್ದರು. ಮೊಳೆ ತುಕ್ಕು ಹಿಡಿದು, ಆ ತುಕ್ಕೇ ಹರಡಿ ಒಂದು ಕವಚ ಆಗುತ್ತಿತ್ತು. ಹುಳ ತಿಂದರೆ ಪೈನ್ ಹಲಗೆ ತಿನ್ನಲಿ, ಅದನ್ನು ಕಿತ್ತು ಹೊಸದು ಹೊಡೆದರಾಯಿತು ಅನ್ನುವ ಲೆಕ್ಕ. ಎಲ್ಲದರ ಮೇಲೆ ರಾಳ, ಗಂಧಕ, ಕೊಬ್ಬು ಸೇರಿಸಿ ಕಾಯಿಸಿದ ಲೇಪ. ಹಾಗಾಗಿ ಆ ಕಾಲದ ಚಿತ್ರಗಳಲ್ಲಿ ಹಡಗಿನ ತಳ ಮಾಸಲು ಬಿಳಿಯಾಗಿ ಕಾಣುತ್ತದೆ.

ಇದು ಯಾರದೋ ಊಹೆಯಲ್ಲ. ಬಟಾವಿಯಾದ ಅವಶೇಷ ಆಸ್ಟ್ರೇಲಿಯಾದ ಪಶ್ಚಿಮಕ್ಕಿರುವ ಆಬ್ರೊಲೋಸ್ ದ್ವೀಪಗಳ ಬಳಿ 1963ರಲ್ಲಿ ಸಿಕ್ಕಿತು. 1970ರ ದಶಕದಲ್ಲಿ ಹಡಗಿನ ಹಿಂಭಾಗದ ಒಂದು ಪಕ್ಕವನ್ನು ಮೇಲೆತ್ತಿದರು. ಅದು ಈಗ ಫ್ರೀಮ್ಯಾಂಟಲ್‌ನ ಮ್ಯೂಸಿಯಂನಲ್ಲಿದೆ. ಓಕ್ ಹಲಗೆಯ ಎರಡು ಪದರ, ಹೊರಗೆ ಪೈನ್ ಪದರ, ಎಲ್ಲವೂ ಅದರಲ್ಲಿ ಸಿಕ್ಕಿವೆ. ಆ ಹಡಗಿನ ಕಥೆ ಗೊತ್ತಿರುವವರಿಗೆ ಗೊತ್ತು. ಮೊದಲ ಯಾನದಲ್ಲೇ ನೀರೊಳಗಿನ ದಿಬ್ಬಕ್ಕೆ ಹತ್ತಿ ಒಡೆಯಿತು, ಕಮಾಂಡರ್ ಪೆಲ್ಸಾರ್ಟ್ ಸಹಾಯ ತರಲು ದೋಣಿಯಲ್ಲಿ ಜಾವಾಕ್ಕೆ ಹೊರಟ, ಅವನು ವಾಪಸ್ ಬರುವಷ್ಟರಲ್ಲಿ ಕಾರ್ನೆಲಿಸ್ ಅನ್ನುವವನ ಗುಂಪು ದ್ವೀಪದಲ್ಲಿ ಉಳಿದವರ ಪೈಕಿ ನೂರಕ್ಕೂ ಜಾಸ್ತಿ ಜನರನ್ನು ಕೊಂದು ಹಾಕಿತ್ತು. ಇಂಥ ಹಡಗನ್ನು ಮದುವೆ ಮಂಟಪದಂತೆ ಸಿಂಗರಿಸಿ ಶೋಕೇಸಿನಲ್ಲಿ ಇಟ್ಟರೆ ನನಗೆ ಏನೋ ಒಂಥರಾ ಆಗುತ್ತದೆ.

ಬಣ್ಣ ಹೆಚ್ಚುಕಮ್ಮಿ ಆದರೆ ಏನಾಯಿತು, ಹವ್ಯಾಸ ಅಲ್ವಾ ಅಂತ ನೀವು ಕೇಳಬಹುದು. ಬೇರೆ ದೇಶದ ಹಡಗಾದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ಆದರೆ 17ನೇ ಶತಮಾನದ ಡಚ್ಚರು ಹಡಗು ಕಟ್ಟುವಾಗ ನಕ್ಷೆ ಬರೆಯುತ್ತಿರಲಿಲ್ಲ. ಕಾಗದದ ಮೇಲೆ ಬರುತ್ತಿದ್ದುದು ಒಂದು ಕರಾರು ಪತ್ರ ಮಾತ್ರ. ಉದ್ದ ಇಷ್ಟು, ಅಗಲ ಇಷ್ಟು, ಆಳ ಇಷ್ಟು. ಮಿಕ್ಕಿದ್ದೆಲ್ಲ ಮೇಸ್ತ್ರಿಯ ಕಣ್ಣಳತೆ ಮತ್ತು ಬಾಯಿಲೆಕ್ಕ. ಆಮ್‌ಸ್ಟರ್‌ಡ್ಯಾಮ್ ಕಡೆಯವರು ಮೊದಲು ತಳದ ಹಲಗೆಗಳನ್ನೇ ಜೋಡಿಸಿ, ಅವನ್ನು ತಾತ್ಕಾಲಿಕ ಪಟ್ಟಿಗಳಿಂದ ಹಿಡಿದಿಟ್ಟು, ಆಮೇಲೆ ಒಳಗೆ ಪಕ್ಕೆಲುಬಿನಂಥ ಬಾಗಿದ ಮರಗಳನ್ನು ಕೂರಿಸುತ್ತಿದ್ದರು. ನಾವು ಕಿಟ್‌ನಲ್ಲಿ ಮಾಡುವ ಕ್ರಮಕ್ಕೆ ಪೂರ್ತಿ ಉಲ್ಟಾ. ಇದನ್ನೆಲ್ಲ ಬರೆದಿಟ್ಟವರು 1671ರಲ್ಲಿ ನಿಕೊಲಾಸ್ ವಿಟ್ಸೆನ್, 1697ರಲ್ಲಿ ಕಾರ್ನೆಲಿಸ್ ಫಾನ್ ಐಕ್. ವಿಟ್ಸೆನ್ ಆಮೇಲೆ ಆಮ್‌ಸ್ಟರ್‌ಡ್ಯಾಮಿನ ಮೇಯರ್ ಆದವರು. ಮುಂದಿನ ಶತಮಾನದಲ್ಲಿ, 1740ರ ದಶಕದ ಹೊತ್ತಿಗೆ, ಚಾರ್ಲ್ಸ್ ಬೆಂಟಮ್ ಅನ್ನುವ ಇಂಗ್ಲಿಷ್ ಮೇಸ್ತ್ರಿ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ನಕ್ಷೆ ಬರೆದುಕೊಟ್ಟ. ಅದಕ್ಕೆ ಮುಂಚಿನ ಹಡಗುಗಳ ಬಗ್ಗೆ ನಮಗೆ ಉಳಿದಿರುವುದು ಮುಳುಗಿದ ಮರ, ಚಿತ್ರಗಳು, ಆ ಕಾಲದಲ್ಲೇ ಮಾಡಿದ ಮಾದರಿಗಳು. ಅಂದರೆ ಇಲ್ಲಿ ಮಾದರಿಯೇ ದಾಖಲೆ.

ಒಂದು ಉದಾಹರಣೆ ಹೇಳುತ್ತೇನೆ. ಬರ್ಲಿನ್‌ನಲ್ಲಿ 1660ರ ದಶಕದ್ದು ಅನ್ನಲಾಗುವ ಒಂದು ದೊಡ್ಡ ಡಚ್ ಯುದ್ಧನೌಕೆಯ ಮಾದರಿ ಇತ್ತು. ಹೊಹೆನ್‌ಜೊಲರ್ನ್ ಮಾದರಿ ಅಂತ ಕರೆಯುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಅದು ನಾಶವಾಯಿತು. ಅದರ ಫೋಟೋ, ಅಳತೆ ಉಳಿದಿದ್ದರಿಂದ ಇವತ್ತಿಗೂ ಜನ ಅದನ್ನು ನೋಡಿ ಹೊಸ ಮಾದರಿ ಕಟ್ಟುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ 'ಪ್ರಿನ್ಸ್ ವಿಲೆಮ್' ಅನ್ನುವ ಕಂಪನಿ ಹಡಗಿನ ಮಾದರಿ ಇದೆ, 1651ರದ್ದು. ಹಡಗು 1662ರಲ್ಲಿ ಏಷ್ಯಾದಿಂದ ವಾಪಸ್ ಬರುವಾಗ ಮುಳುಗಿತು, ಮಾದರಿ ಮಾತ್ರ ಉಳಿಯಿತು. ಇಲ್ಲಿನ ಹಾರ್ಲೆಮ್ ಊರಿನ ದೊಡ್ಡ ಚರ್ಚಿನಲ್ಲಿ ಹಳೇ ಹಡಗಿನ ಮಾದರಿಗಳನ್ನು ಚಾವಣಿಯಿಂದ ಇಳಿಬಿಟ್ಟಿದ್ದಾರೆ. ತಲೆ ಎತ್ತಿ ನೋಡಿದರೆ ತಳವೇ ಮೊದಲು ಕಾಣುತ್ತದೆ!

ಈಗ ಚಿನ್ನಕ್ಕೆ ಬರೋಣ. ಬಟಾವಿಯಾ ರಾಜನ ಹಡಗಲ್ಲ, ವ್ಯಾಪಾರಿ ಕಂಪನಿಯ ಸರಕಿನ ಹಡಗು. ಅದೇ ಕಂಪನಿಯ ಹಡಗುಗಳು ಮುಂದೆ ನಮ್ಮ ಬಸರೂರಿಗೂ ಬಂದವು. ಕೆಳದಿ ನಾಯಕರ ಸೀಮೆಯ ಅಕ್ಕಿ, ಮೆಣಸು ಕೊಳ್ಳಲು ಅಲ್ಲಿ ಕೋಠಿ ಇಟ್ಟುಕೊಂಡಿದ್ದರು. ಬಿಡಿಗಾಸಿನ ಲೆಕ್ಕ ಇಡುತ್ತಿದ್ದ ಜನ ಅವರು. ಮುನ್ನೂರಕ್ಕೂ ಜಾಸ್ತಿ ಜನರನ್ನು ಒಂದು ಹಡಗಿಗೆ ತುಂಬಿ ತಿಂಗಳುಗಟ್ಟಲೆ ಸಾಗಿಸುತ್ತಿದ್ದವರು, ಉಪ್ಪು ನೀರು ಹೊಡೆದು ಹಾಳಾಗುವ ಬೊಂಬೆಗೆ ಮೈತುಂಬ ಚಿನ್ನದ ರೇಕು ಹಚ್ಚುತ್ತಾರಾ? ಕೆತ್ತನೆ ಇತ್ತು, ಬೇಕಾದಷ್ಟಿತ್ತು. ಆದರೆ ಅದಕ್ಕೆ ಬಳಿಯುತ್ತಿದ್ದುದು ಎಣ್ಣೆ ಬಣ್ಣ. ಹೊನ್ನಿನ ಬದಲು ಯೆಲ್ಲೋ ಓಕರ್, ಅಂದರೆ ಹಳದಿ ಮಣ್ಣಿನ ಬಣ್ಣ. ಜೊತೆಗೆ ಕೆಂಪು, ಹಸಿರು, ಮನುಷ್ಯರ ಬೊಂಬೆಗೆ ಮೈಬಣ್ಣ.

ಈ ವಿಷಯದಲ್ಲಿ ಸ್ವೀಡನ್ನಿನ 'ವಾಸಾ' ಹಡಗನ್ನು ನೋಡಬೇಕು. ಸ್ವೀಡಿಶ್ ರಾಜನ ಹಡಗೇ ಆದರೂ ಕಟ್ಟಿದ ಮೇಸ್ತ್ರಿ ಹೆನ್ರಿಕ್ ಹೈಬರ್ಟ್‌ಸನ್ ಡಚ್ಚನು, ಕಟ್ಟಿದ ರೀತಿಯೂ ಡಚ್ಚರದ್ದೇ. ಬಟಾವಿಯಾ ಹೊರಟ ವರ್ಷವೇ, 1628ರಲ್ಲಿ, ಸ್ಟಾಕ್‌ಹೋಮ್ ಬಂದರು ದಾಟುವ ಮೊದಲೇ ಮುಳುಗಿತು. 1961ರಲ್ಲಿ ಹೆಚ್ಚುಕಮ್ಮಿ ಇಡಿಯಾಗಿ ಮೇಲೆ ಬಂತು. ಬಣ್ಣ ಎಲ್ಲ ತೊಳೆದು ಹೋಗಿತ್ತು. ನೀಲಿ ಹಿನ್ನೆಲೆ, ಚಿನ್ನದ ಬೊಂಬೆಗಳು ಅಂತ ದಶಕಗಳ ಕಾಲ ಎಲ್ಲರೂ ನಂಬಿದ್ದರು, ಮಾದರಿಗಳೂ ಹಾಗೇ ಬಂದವು. 1990ರ ದಶಕದಲ್ಲಿ ಮರದ ಸಂದಿಯಲ್ಲಿ ಉಳಿದಿದ್ದ ಬಣ್ಣದ ಕಣಗಳನ್ನು ಪರೀಕ್ಷೆ ಮಾಡಿದಾಗ ಹಿನ್ನೆಲೆ ಕೆಂಪು ಅಂತ ಗೊತ್ತಾಯಿತು. ಬೊಂಬೆಗಳು ಬಣ್ಣಬಣ್ಣದವು, ಚಿನ್ನ ಆಯ್ದ ಜಾಗಗಳಲ್ಲಿ ಮಾತ್ರ. ರಾಜನ ಹಡಗಿಗೇ ಹಾಗಾದರೆ ಮೆಣಸಿನ ಹಡಗಿಗೆ ಎಷ್ಟು?

ಹಿಂಭಾಗದ ಅಲಂಕಾರವಂತೂ ನನಗೆ ಅತಿ ಪ್ರೀತಿಯ ಕೆಲಸ. ಡಚ್ ಹಡಗುಗಳ ಹಿಂಭಾಗದ ಮೇಲ್ಗಡೆ ಒಂದು ದೊಡ್ಡ ಕೆತ್ತನೆಯ ಫಲಕ ಇರುತ್ತಿತ್ತು, ಹಡಗಿನ ಹೆಸರನ್ನು ಅಕ್ಷರಕ್ಕಿಂತ ಚಿತ್ರದಲ್ಲಿ ಹೇಳುವ ಫಲಕ. ಓದು ಬಾರದ ನಾವಿಕನೂ ದೂರದಿಂದಲೇ ಇದು ಯಾವ ಹಡಗು ಅಂತ ಹೇಳಬಹುದಿತ್ತು. ಅಡ್ಮಿರಲ್ ಮಿಕೀಲ್ ಡೆ ರೂಯ್ಟರ್‌ನ 'ಝೇವನ್ ಪ್ರೊವಿನ್ಸಿಯನ್', ಅಂದರೆ 'ಏಳು ಪ್ರಾಂತ್ಯಗಳು', 1665ರಲ್ಲಿ ರಾಟರ್‌ಡ್ಯಾಮ್ ಬಳಿ ಕಟ್ಟಿದ್ದು, ಸುಮಾರು 80 ಫಿರಂಗಿಯ ಹಡಗು. ಅದರ ಹಿಂಭಾಗದಲ್ಲಿ ಒಕ್ಕೂಟದ ಸಿಂಹದ ಸುತ್ತ ಏಳು ಪ್ರಾಂತ್ಯಗಳ ಲಾಂಛನಗಳು. ಒಂದೊಂದು ಗುರಾಣಿಗೂ ಅದರದ್ದೇ ಬಣ್ಣ. ಎಲ್ಲದಕ್ಕೂ ಚಿನ್ನ ಬಳಿದುಬಿಟ್ಟರೆ ಯಾವ ಪ್ರಾಂತ್ಯ ಯಾವುದು ಅಂತ ಹೇಗೆ ತಿಳಿಯಬೇಕು? ಆಮ್‌ಸ್ಟರ್‌ಡ್ಯಾಮಿನ ಲಾಂಛನವೂ ಹಾಗೆಯೇ, ಕೆಂಪು ಗುರಾಣಿ, ನಡುವೆ ಕಪ್ಪು ಪಟ್ಟಿ, ಅದರಲ್ಲಿ ಮೂರು ಬಿಳಿ ಓರೆ ಶಿಲುಬೆ. ಬಣ್ಣ ಇಲ್ಲದೆ ಅದು ಲಾಂಛನವೇ ಅಲ್ಲ.

ಕೆತ್ತನೆ ಎಷ್ಟು ಆಳ ಇರಬೇಕು ಅನ್ನುವವರು ರೈಕ್ಸ್‌ಮ್ಯೂಸಿಯಂಗೆ ಹೋಗಿ 'ರಾಯಲ್ ಚಾರ್ಲ್ಸ್' ಹಡಗಿನ ಹಿಂಭಾಗದ ಫಲಕ ನೋಡಬೇಕು. 1667ರ ಜೂನ್‌ನಲ್ಲಿ ಡಚ್ಚರು ಇಂಗ್ಲೆಂಡಿನ ಮೆಡ್‌ವೇ ನದಿಗೆ ನುಗ್ಗಿ, ಇಂಗ್ಲಿಷ್ ನೌಕಾಪಡೆಯ ಈ ಹಡಗನ್ನೇ ಎಳೆದುಕೊಂಡು ಬಂದರು. ಆಮೇಲೆ ಗುಜರಿಗೆ ಹಾಕಿದರೂ ಸಿಂಹ ಮತ್ತು ಒಂಟಿಕೊಂಬಿನ ಕುದುರೆ ಇರುವ ಫಲಕವನ್ನು ಮಾತ್ರ ಉಳಿಸಿಕೊಂಡರು. ಅದು ಇಂಗ್ಲಿಷರ ಕೆತ್ತನೆ, ಒಪ್ಪುತ್ತೇನೆ. ಆದರೆ ಕೆಳಗೆ ನಿಂತು ನೋಡಿದಾಗ ಗೊತ್ತಾಗುವುದು ಏನಂದರೆ, ಇವು ಗೋಡೆಗೆ ಅಂಟಿಸಿದ ಚಪ್ಪಟೆ ಬಿಲ್ಲೆಗಳಲ್ಲ, ಪ್ರಾಣಿಗಳ ಮೈ ಹಲಗೆಯಿಂದ ಉಬ್ಬಿ ಹೊರಗೆ ಬಂದಿರುತ್ತದೆ. ಕಿಟ್‌ನ ಲೋಹದ ಬೊಂಬೆಗಳಲ್ಲಿ ಈ ಉಬ್ಬು ಇರುವುದಿಲ್ಲ, ಮುಖಗಳೂ ಕರಗಿಹೋದಂತೆ ಇರುತ್ತವೆ. ಅವನ್ನು ಪಕ್ಕಕ್ಕಿಟ್ಟು ಪೇರ್ ಮರ ಅಥವಾ ಬಾಕ್ಸ್‌ವುಡ್‌ನಲ್ಲಿ ಕೆತ್ತಿಕೊಳ್ಳಬಹುದು. ಊರಿನಲ್ಲಿ ಇರುವವರಿಗೆ ಅವು ಸಿಗುವುದು ಕಷ್ಟ. ಅದಕ್ಕೆ ಚನ್ನಪಟ್ಟಣದ ಗೊಂಬೆಯ ಆಲೆ ಮರ ಇದೆ, ನವಿರಾದ ಎಳೆ, ಸಣ್ಣ ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಕೆತ್ತಲು ಬಾರದವರು ಪಾಲಿಮರ್ ಕ್ಲೇ ತೆಗೆದುಕೊಳ್ಳಲಿ. ಹಿತ್ತಾಳೆ ತಂತಿಯ ಮೇಲೆ ಬೊಂಬೆ ಮಾಡಿ, ಓವನ್‌ನಲ್ಲಿ ಬೇಯಿಸಿ, ಮೇಲೆ ಓಕರ್ ಬಳಿದು, ಸಂದಿಗಳಿಗೆ ತೆಳ್ಳಗಿನ ಕಂದು ಬಣ್ಣ ಇಳಿಯಬಿಟ್ಟು ಉಬ್ಬಿದ ಕಡೆ ಒರೆಸಿದರೆ, ಮೂರು ಅಡಿ ದೂರದಿಂದ ಅದು ಹಳೇ ಹೊನ್ನಿನ ಹಾಗೇ ಕಾಣುತ್ತದೆ. ಚಿನ್ನದ ಬಣ್ಣ ಬಳಿದಿದ್ದು ಮಾತ್ರ ಯಾವ ದೂರದಿಂದ ನೋಡಿದರೂ ಚಿನ್ನದ ಬಣ್ಣದ ಹಾಗೇ ಕಾಣುತ್ತದೆ.

ವಾರ್ನಿಶ್ ಮ್ಯಾಟ್ ಇರಲಿ. ಹಗ್ಗಕ್ಕೆ ಕಡುಗಪ್ಪು ದಾರ ಬೇಡ. ಕಂಬಗಳನ್ನು ಹಿಡಿದಿಡುವ ಹಗ್ಗಗಳಿಗೆ ಪೈನ್ ಮರದ ಟಾರು ಹಚ್ಚುತ್ತಿದ್ದರು, ಅದು ಗಾಢ ಕಂದು. ಹಾಯಿ ಎಳೆಯುವ ಹಗ್ಗಗಳು ತಿಳಿ ಬಣ್ಣ. ಬಾವುಟದಲ್ಲೂ ಜನ ಎಡವುತ್ತಾರೆ. 1628ರ ಹಡಗಿಗೆ ಕಿತ್ತಳೆ-ಬಿಳಿ-ನೀಲಿ ಹೊಂದುತ್ತದೆ, ಡೆ ರೂಯ್ಟರ್‌ನ ಹಡಗಿಗೆ ಕೆಂಪು-ಬಿಳಿ-ನೀಲಿ.

ಹಾಯಿಯ ಬಗ್ಗೆ ಒಂದು ಮಾತು. 1:50 ಸ್ಕೇಲಿನಲ್ಲಿ, ಅಂದರೆ ನಿಜದ ಐವತ್ತನೇ ಒಂದು ಭಾಗದ ಅಳತೆಯಲ್ಲಿ, ಕಾಲು ಮಿಲಿಮೀಟರ್ ದಪ್ಪದ ಬಟ್ಟೆ ಹಾಕಿದರೆ ನಿಜದ ಲೆಕ್ಕದಲ್ಲಿ ಅದು ಸೆಂಟಿಮೀಟರಿಗಿಂತ ದಪ್ಪದ ಹಾಯಿ ಆಯಿತು. ಅಂಥದ್ದು ಗಾಳಿಗೆ ಉಬ್ಬುತ್ತದಾ? ತೆಳು ಕಾಗದವೇ ವಾಸಿ, ಇಲ್ಲವೇ ಹಾಯಿ ಸುತ್ತಿಟ್ಟಂತೆ ತೋರಿಸಿ. ಕೆಲವರು ಬಟ್ಟೆಯನ್ನು ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ಹಳೆಯದಾಗಿ ಮಾಡುತ್ತಾರೆ. ಬಣ್ಣ ಚೆನ್ನಾಗೇ ಬರುತ್ತದೆ, ವಾಸನೆಯೂ ಚೆನ್ನಾಗಿರುತ್ತದೆ. ಆದರೆ ಅದರ ಆಮ್ಲ ನಿಧಾನಕ್ಕೆ ಬಟ್ಟೆಯ ಎಳೆ ತಿನ್ನುತ್ತದೆ. ನೀರಾಗಿಸಿದ ಅಕ್ರಿಲಿಕ್ ಬಣ್ಣ ಸಾಕು, ಡಿಕಾಕ್ಷನ್ ಲೋಟಕ್ಕೇ ಇರಲಿ.

ಇನ್ನೊಂದು ಅಳತೆಯ ಗೊಂದಲ. ಆಮ್‌ಸ್ಟರ್‌ಡ್ಯಾಮಿನ ಅಡಿ ನಮ್ಮ 12 ಇಂಚಿನ ಅಡಿಯಲ್ಲ. ಅದು ಸುಮಾರು 28.3 ಸೆಂಟಿಮೀಟರ್, ಅದರಲ್ಲಿ 11 ಇಂಚು. ವಿಟ್ಸೆನ್ ವಿವರಿಸಿರುವ 134 ಅಡಿಯ ಹಡಗು ನಿಜಕ್ಕೂ 38 ಮೀಟರಿಗಿಂತ ಸ್ವಲ್ಪ ಕಮ್ಮಿ. ಇಂಗ್ಲಿಷ್ ಅಡಿ ಅಂತ ಹಿಡಿದರೆ 41 ಮೀಟರಿನ ಹತ್ತಿರ ಹೋಗುತ್ತದೆ. 1:50ರಲ್ಲಿ ಆರು ಸೆಂಟಿಮೀಟರ್ ವ್ಯತ್ಯಾಸ! ಉದ್ದವನ್ನು ಒಂದು ಅಡಿಯಲ್ಲೂ ಫಿರಂಗಿಯನ್ನು ಇನ್ನೊಂದು ಅಡಿಯಲ್ಲೂ ಲೆಕ್ಕ ಹಾಕಿದವರ ಹಡಗಿನಲ್ಲಿ ಕೊನೆಗೆ ಯಾವುದೂ ಯಾವುದಕ್ಕೂ ಹೊಂದುವುದಿಲ್ಲ.

ಹೊಸಬರು ಬಟಾವಿಯಾಕ್ಕೆ ಕೈ ಹಾಕಲೇಬೇಡಿ ಅಂತ ನಾನು ಹೇಳುತ್ತೇನೆ. ನಿಮ್ಮ ಲೇಖನದಲ್ಲಿ 'ಆರಂಭಿಕರಿಗೂ ಸುಲಭ' ಅಂತ ಇತ್ತು. ಖಂಡಿತಾ ಅಲ್ಲ. ಫ್ಲೈಟ್ ಅನ್ನುವ ಜಾತಿಯ ಹಡಗಿನಿಂದ ಶುರು ಮಾಡಲಿ. 1595ರಲ್ಲಿ ಹೋರ್ನ್ ಊರಿನಲ್ಲಿ ಹುಟ್ಟಿದ್ದು ಅಂತ ಹೇಳುತ್ತಾರೆ. ಹೊಟ್ಟೆ ದೊಡ್ಡದು, ಮೇಲಿನ ಡೆಕ್ ಕಿರಿದು. ಡೆನ್ಮಾರ್ಕಿನವರು ಸುಂಕವನ್ನು ಡೆಕ್‌ನ ಅಗಲದ ಮೇಲೆ ಹಾಕುತ್ತಿದ್ದರಂತೆ, ಅದನ್ನು ಉಳಿಸಲು ಹಾಗೆ ಮಾಡಿದ್ದು ಅನ್ನುವುದು ಬಳಕೆಯಲ್ಲಿರುವ ವಿವರಣೆ. ಸರಕು ಸಾಗಿಸುವ ಹಡಗಾದ್ದರಿಂದ ಅಲಂಕಾರ ಕಮ್ಮಿ, ಫಿರಂಗಿ ಕಮ್ಮಿ. ಕಲಿಯುವವರಿಗೆ ಇದಕ್ಕಿಂತ ಬೇಕಾ? ಮರವೇ ಬೇಕು ಅಂತಲೂ ಇಲ್ಲ. ರೈಕ್ಸ್‌ಮ್ಯೂಸಿಯಂನಲ್ಲಿ ಹಡಗಿನ ಮಾದರಿಗಳ ದುರಸ್ತಿ ನೋಡಿಕೊಳ್ಳುತ್ತಿದ್ದ ಆಬ್ ಹೋವಿಂಗ್ ಅವರು, ಈ ವಿಷಯ ಅವರಷ್ಟು ತಿಳಿದವರು ವಿರಳ, ಕಾರ್ಡ್‌ಬೋರ್ಡಿನಲ್ಲಿ ಹಡಗು ಕಟ್ಟುತ್ತಾರೆ. ಬಣ್ಣ ಬಳಿದ ಮೇಲೆ ಮರವೋ ಕಾಗದವೋ ಹೇಳಲು ಬರುವುದಿಲ್ಲ. ಹೊರದೇಶದ ಕಿಟ್‌ಗೆ ಕೊಡುವ ದುಡ್ಡು, ಮೇಲೆ ಕಸ್ಟಮ್ಸ್, ಯಾವುದೂ ಬೇಡ. ಒಂದು ಕತ್ತರಿ, ಬ್ಲೇಡು, ಅಂಟು, ಉಪ್ಪುಕಾಗದ ಸಾಕು.

ನೆದರ್‌ಲ್ಯಾಂಡ್ಸ್‌ಗೆ ಟ್ಯುಲಿಪ್ ನೋಡಲು ಬರುವ ನಮ್ಮವರು ಒಂದು ದಿನ ಲೇಲಿಸ್ಟಾಡ್ ಕಡೆ ಹೋಗಿ ಬನ್ನಿ. ವಿಲೆಮ್ ಫಾಸ್ ಅನ್ನುವ ಮೇಸ್ತ್ರಿಯ ಮುಂದಾಳತ್ವದಲ್ಲಿ ತರುಣರು 1985ರಿಂದ ಹತ್ತು ವರ್ಷ ದುಡಿದು ಕಟ್ಟಿದ ಬಟಾವಿಯಾದ ಪ್ರತಿಕೃತಿ ಅಲ್ಲಿದೆ. 1995ರಲ್ಲಿ ರಾಣಿ ಬೇಟ್ರಿಕ್ಸ್ ಅದನ್ನು ನೀರಿಗಿಳಿಸಿದರು. ಅದರಲ್ಲೂ ಊಹೆ ಇದೆ, ಇಲ್ಲ ಅನ್ನುವುದಿಲ್ಲ, ಆ ಹಡಗಿನ ಒಂದೇ ಒಂದು ನಕ್ಷೆ ಇಲ್ಲದೆ ಕಟ್ಟಿದ್ದಲ್ವಾ. ಆಮ್‌ಸ್ಟರ್‌ಡ್ಯಾಮಿನ ಕಡಲ ಮ್ಯೂಸಿಯಂ ಪಕ್ಕದಲ್ಲಿ ನಿಂತಿರುವುದು 1749ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್ ದಡದಲ್ಲಿ ಸಿಕ್ಕಿಬಿದ್ದ 'ಆಮ್‌ಸ್ಟರ್‌ಡ್ಯಾಮ್' ಹಡಗಿನ ಪ್ರತಿಕೃತಿ. ಎರಡೂ ಹಡಗಿನ ನಡುವೆ ನೂರಿಪ್ಪತ್ತು ವರ್ಷ. ಒಂದರ ಅಲಂಕಾರ ನೋಡಿ ಇನ್ನೊಂದಕ್ಕೆ ಹಚ್ಚಬೇಡಿ, ದಯವಿಟ್ಟು.

ಸಂಪಾದಕರಲ್ಲಿ ನನ್ನ ಕೋರಿಕೆ ಸಣ್ಣದು. ಮುಂದಿನ ವಾರ ಆ ಅಡಿಬರಹಕ್ಕೆ ಒಂದು ಸಾಲಿನ ತಿದ್ದುಪಡಿ ಹಾಕಿ. ಇನ್ನು ಮೇಲೆ ಇಂಥ ಫೋಟೋ ಹಾಕುವಾಗ ಹಡಗು ಯಾವ ವರ್ಷದ್ದು, ಸ್ಕೇಲ್ ಎಷ್ಟು, ಬಣ್ಣಕ್ಕೆ ಏನು ಆಧಾರ ಅಂತ ಮಾಡಿದವರನ್ನೇ ಕೇಳಿ ಬರೆಯಿರಿ. 'ಪೆಟ್ಟಿಗೆಯ ಚಿತ್ರ ನೋಡಿ ಬಳಿದೆ' ಅಂದರೆ ಅದನ್ನೇ ಹಾಕಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಆ ಮಾದರಿ ಮಾಡಿದವರಿಗೂ ಈ ಪತ್ರ ತಲುಪಿಸಿ. ಕೆತ್ತನೆಗೆ ಬಳಿದ ಚಿನ್ನದ ಮೇಲೆ ಓಕರ್ ಬಳಿಯಬಹುದು, ತಾಮ್ರದ ತಗಡನ್ನು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ನಿಧಾನಕ್ಕೆ ಎಬ್ಬಿಸಿದರೆ ಸಾಮಾನ್ಯವಾಗಿ ಅಂಟು ಬಿಡುತ್ತದೆ, ಒಳಗಿನ ಹಲಗೆಗೆ ಪೆಟ್ಟಾಗುವುದಿಲ್ಲ.

ಇತಿ,
ನಿಮ್ಮ ಓದುಗ, ಆಮ್‌ಸ್ಟೆಲ್‌ವೀನ್